ತಾಮ್ರದ ಮರಿಗಳು

ನ್ಯಾನೊಕಣ ಎನ್ನಲು ಅಕ್ಕನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಕೂದಲು ಕತ್ತರಿಸುವ ಅಂಗಡಿ ಅವಳದು. "ನಿನ್ನ ಮರಿಗಳು ಬೆಳೆದ್ವಾ?" ಎಂದೇ ತಂಗಿಯನ್ನು ದಿನಾ ಕೇಳುವಳು.

ಬೆಳೆಯುತ್ತಿದ್ದವು. ಇಂಗಾಲದ ತಗಡನ್ನು ತಾಮ್ರದ ದ್ರಾವಣಕ್ಕೆ ಅದ್ದಿ ಕರೆಂಟ್ ಹಾಯಿಸಿದರೆ, ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣಗಳು ಹುಟ್ಟುತ್ತವೆ. ಆಮೇಲೆ ಆ ತಗಡನ್ನು ಆಮ್ಲದ ನೀರಿಗಿಳಿಸಿ ಜಲಜನಕದ ಗುಳ್ಳೆ ಎಬ್ಬಿಸಬೇಕು. ಈ ಕೆಲಸದಲ್ಲಿ ಪ್ಲಾಟಿನಂ ಬಲು ಚುರುಕು, ತಾಮ್ರ ಮಹಾ ಸೋಮಾರಿ. ತಂಗಿಯ ತಾಮ್ರ ಮಾತ್ರ ಬಳಸಿದಷ್ಟೂ ಚುರುಕಾಗಿ ಪ್ಲಾಟಿನಮ್ಮಿಗೇ ಸಡ್ಡು ಹೊಡೆದಿತ್ತು. ಅವಳ ಡಾಕ್ಟರೇಟ್ ಪೂರಾ ನಿಂತಿದ್ದು ಅದರ ಮೇಲೆಯೇ. ಅಂದು ಮಧ್ಯಾಹ್ನ ಹೊರಗಿನ ಪರೀಕ್ಷಕಿ ಬಂದು, ಪ್ರಯೋಗವನ್ನು ಕಣ್ಣಾರೆ ನೋಡಿ, ಹೂಂ ಅನ್ನುವುದೊಂದು ಬಾಕಿ.

ಬೆಳಿಗ್ಗೆ ಒಮ್ಮೆ ಮಾಡಿ ನೋಡೋಣವೆಂದರೆ ಕರೆಂಟ್ ಸುತ್ತಿ ಬರಲೆಂದು ತಗಡಿಗೆ ಎದುರಾಗಿ ಆಮ್ಲದಲ್ಲಿ ನಿಲ್ಲಿಸುವ ಪ್ಲಾಟಿನಂ ತಂತಿ ನಾಪತ್ತೆ! ಪಕ್ಕದ ಲ್ಯಾಬಿನ ಮಹಾನುಭಾವ ಹೇಳದೆ ಕೇಳದೆ ಒಯ್ದಿದ್ದ. ಅಲ್ಲೊಂದು ಏನೋ ಇದ್ದರಾಯಿತು ಎಂದು ಅವಳು ಇಂಗಾಲದ ಕಡ್ಡಿ ಸಿಕ್ಕಿಸಿದಳು. ಪರದೆಯ ಮೇಲೆ ಗುಳ್ಳೆಯ ಚುರುಕು ತೋರಿಸುವ ಗೆರೆ ಮಲಗಿಬಿಟ್ಟಿತು. ಕಡ್ಡಿಗೆ ಹಿಡಿಶಾಪ ಹಾಕಿದಳು, ಆಮ್ಲ ಬದಲಿಸಿದಳು, ಹೊಸ ಮರಿಗಳನ್ನೇ ಬೆಳೆಸಿದಳು. ಜಪ್ಪಯ್ಯ ಅಂದರೂ ಗೆರೆ ಏಳಲಿಲ್ಲ.

ತಂತಿ ವಾಪಸ್ ಬಂತು. ಸಿಕ್ಕಿಸಿದಳು. ಕರೆಂಟ್ ಹಾಯಿಸಿದ ಒಂದೊಂದು ಸುತ್ತಿಗೂ ಗೆರೆ ಚೂರು ಚೂರೇ ಮೇಲೇರತೊಡಗಿತು.

ಆಗ ಅವಳಿಗೆ ಹೊಳೆಯಿತು. ತಂತಿಯೇ ಆಮ್ಲದಲ್ಲಿ ಇಷ್ಟಿಷ್ಟೇ ಕರಗಿ, ಈಚೆ ಬದಿಗೆ ಬಂದು ತಾಮ್ರದ ಮೇಲೆ ಕೂರುತ್ತಿತ್ತು. ಗುಳ್ಳೆ ಎಬ್ಬಿಸುತ್ತಿದ್ದದ್ದು ತಾಮ್ರವೇ ಅಲ್ಲ. ಇಷ್ಟು ವರ್ಷ ಅವಳು ಪ್ಲಾಟಿನಂ ಹಾಕಿಕೊಂಡೇ ಪ್ಲಾಟಿನಂ ಬೇಕಿಲ್ಲವೆಂದು ಊರಿಗೆಲ್ಲ ಸಾರಿದ್ದಳು.

ಓಡಿಹೋದಾಗ ಅವಳ ಮಾರ್ಗದರ್ಶಕರಾದ ಮೇಷ್ಟ್ರು ಪರೀಕ್ಷಕಿಯ ಕುರ್ಚಿಯನ್ನು ತಾವೇ ಒರೆಸುತ್ತಿದ್ದರು. ಅವಳು ಹೇಳಿ ಮುಗಿಸುವವರೆಗೂ ಒರೆಸಿದ ಕಡೆಯೇ ಒರೆಸಿದರು.

"ಇನ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ ಸರ್."

"ಇವತ್ತು ತಂತಿ ಹಾಕು, ತೋರ್ಸು, ಮುಗ್ಸು. ಆಮೇಲೆ ನಿಧಾನಕ್ಕೆ ಸರಿ ಮಾಡೋಣ."

"ಅದು ಸುಳ್ಳಾಗುತ್ತಲ್ಲ ಸರ್?"

"ನಿನ್ನೆವರೆಗೂ ನಿಜಾನೇ ಆಗಿತ್ತಲ್ಲ!" ಎಂದು ಗದರಿದವರ ದನಿ ತಟ್ಟನೆ ತಗ್ಗಿತು. "ನನ್ನ ಪ್ರಯೋಗದಲ್ಲೂ ಇಂಥದೇ ತಂತಿ ಇತ್ತು ಕಣಮ್ಮ. ನನ್ನ ಡಿಗ್ರೀನೂ ಅದರ ಮೇಲೇ ನಿಂತಿದೆ."

ಈಗ ಅವಳಿಗೆ ಇಬ್ಬರ ಪಾಲಿನ ಭಯ.

ಮಧ್ಯಾಹ್ನ ಅಕ್ಕ ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೇಜಿನ ಮೇಲೆ ತಂತಿಯೂ ಇತ್ತು, ಕಡ್ಡಿಯೂ ಇತ್ತು. ತಂಗಿಯ ಕೈ ತಂತಿಯ ಕಡೆಗೇ ಹೋಯಿತು. ಮೇಷ್ಟ್ರು ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

"ಶುರು ಮಾಡಿ," ಎಂದರು ಪರೀಕ್ಷಕಿ.

"ಮರಿಗಳನ್ನ ಚೆನ್ನಾಗಿ ತೋರ್ಸೇ!" ಅಕ್ಕ ಪಿಸುಗುಟ್ಟಿದ್ದು ಕೋಣೆಗೆಲ್ಲ ಕೇಳಿ ಎಲ್ಲರೂ ನಕ್ಕರು. ತಂಗಿಗೆ ನಗು ಬರಲಿಲ್ಲ. ತಂತಿಯನ್ನು ಕೆಳಗಿಟ್ಟು ಕಡ್ಡಿ ಎತ್ತಿಕೊಂಡಳು.

"ಪ್ಲಾಟಿನಂ ತಂತಿ ಇಲ್ಲದೆ ತೋರಿಸ್ತೀನಿ ಮೇಡಂ. ನನ್ನ ಪ್ರಬಂಧ ತಪ್ಪಾಗಿದೆ."

ಹೊಸ ತಗಡಿಗೆ ಎದುರಾಗಿ ಕಡ್ಡಿ ಸಿಕ್ಕಿಸಿ ಕರೆಂಟ್ ಹಾಯಿಸಿದಳು. ಗೆರೆ ಮಲಗಿಯೇ ಇತ್ತು. ಪರೀಕ್ಷಕಿ ಪರದೆಯಿಂದ ಅವಳ ಕಡೆಗೆ ತಿರುಗಿದರು.

"ಯಾವಾಗ ಗೊತ್ತಾಯ್ತು?"

"ಇವತ್ತು ಬೆಳಿಗ್ಗೆ."

ಪರೀಕ್ಷಕಿ ತಂತಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇವತ್ತು ಡಿಗ್ರಿ ಕೊಡೋಕಾಗಲ್ಲ. ಎಲ್ಲಾನೂ ಕಡ್ಡಿ ಹಾಕಿ ಮತ್ತೆ ಮಾಡಿ." ಪೆನ್ನಿನ ಮುಚ್ಚಳ ಹಾಕಿದರು. ಮೇಷ್ಟ್ರು ಅವಳ ಮುಖ ಸಹ ನೋಡದೆ ಎದ್ದು ಹೋದರು.

ಲ್ಯಾಬಿನಲ್ಲಿ ಗಾಜಿನ ಪಾತ್ರೆ ತೊಳೆಯುವಾಗ ಅಕ್ಕ ಪಕ್ಕದಲ್ಲೇ ನಿಂತಿದ್ದಳು. "ಮರಿಗಳು ಸತ್ತೋದ್ವೇನೇ?"

"ಇಲ್ಲ ಅಕ್ಕಾ. ಕೆಲಸ ಮಾಡ್ತಿದ್ದದ್ದು ನನ್ನ ಮರಿಗಳೇ ಅಲ್ಲ."

ಹೇಳಿದ್ದೇ ತಡ, ಅಳು ಒತ್ತರಿಸಿ ಬಂತು. ಅಕ್ಕ ಕೈಚಾಚಿ ನಲ್ಲಿ ನಿಲ್ಲಿಸಿದಳು.

ಬಾಗಿಲ ಬಳಿ ಸದ್ದಾಯಿತು. ಮೇಷ್ಟ್ರು. ಕೋಟು ಬಿಚ್ಚಿ ತೋಳು ಮಡಚಿಕೊಂಡಿದ್ದರು. ಬೈಗುಳಕ್ಕೆ ಸಿದ್ಧಳಾಗಿ ಅವಳು ಕಣ್ಣೊರೆಸಿಕೊಂಡಳು. ಅವರು ಒಳಗೆ ಬಂದು ಪ್ರಯೋಗದ ಮೇಜಿನ ಬಳಿ ನಿಂತರು.

"ಆ ಇಂಗಾಲದ ಕಡ್ಡಿ... ನನಗೂ ಒಂದು ಇದೆಯಾ?"

ಅವಳು ಡ್ರಾಯರ್ ಎಳೆದು ಒಂದನ್ನು ತೆಗೆದುಕೊಟ್ಟಳು.