ಸತ್ತವರ ಹೆಸರಿನ ಹಾಡು

ಪುಸ್ತಕದ ಕೊನೆಯ ಪುಟದಲ್ಲಿ ಮುದ್ರಕರಿಗೆ, ಮುಖಪುಟ ಬರೆದವರಿಗೆ, ಚಹಾ ಮಾಡಿಕೊಟ್ಟ ಧರ್ಮಪತ್ನಿಗೆ ಎಲ್ಲ ವಂದಿಸಿ ಮುಗಿದ ಮೇಲೆ ಒಂದು ಸಾಲು ಉಳಿದಿತ್ತು: ‘ಬೆರಳಚ್ಚಿನ ನೆರವು: ಕುಮಾರಿ ಪ್ರಿಯಂವದಾ.’ ಉಳಿದ ಪುಸ್ತಕವೆಲ್ಲ ಆ ಕುಮಾರಿಯದೇ. ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳನ್ನು ಬಸ್ಸಿನಲ್ಲಿ, ಟಂಟಂನಲ್ಲಿ ಸುತ್ತಿ ಹೆಂಗಸರ ಬಾಯಿಂದ ಸೃಷ್ಟಿಯ ಕಥೆಗಳನ್ನು ಕೇಳಿಕೊಂಡು ಬಂದವಳು ಅವಳು. ಅವನ್ನು ಬ್ಯಾಬಿಲೋನ್, ಗ್ರೀಸ್, ಚೀನಾದ ಕಥೆಗಳ ಪಕ್ಕಕ್ಕಿಟ್ಟು ತೂಗಿ ನೋಡಿದವಳೂ ಅವಳೇ. ಮುಖಪುಟದ ಮೇಲೆ ಮಾತ್ರ ಅವಳ ಮಾರ್ಗದರ್ಶಕ ಡಾ. ಸುಯಮೀಂದ್ರರ ಹೆಸರು ದಪ್ಪ ಅಕ್ಷರದಲ್ಲಿ ಕೂತಿತ್ತು.

‘ಇದಿನ್ನೂ ಹಸಿ ಇದೆ, ಇರಲಿ ಬಿಡು’ ಎಂದು ಅವಳ ಕರಡನ್ನು ಇಟ್ಟುಕೊಂಡ ಮಹಾನುಭಾವರು ಅದನ್ನು ತಮ್ಮ ಒಲೆಯ ಮೇಲೆ ಬೇಯಿಸಿಕೊಂಡಿದ್ದರು. ಸವಣೂರಿನ ಮನೆಯಲ್ಲಿ ಅಪ್ಪ ಗುರುರಾಜಾಚಾರ್ಯರು, ಏನೇ ಆಗಲಿ ಗುರುಗಳು, ದೊಡ್ಡದು ಮಾಡಬೇಡ ಎಂದರು. ಪ್ರಿಯಂವದಾ ಹೂಂ ಅಂದಳು. ಆದರೆ ಶಿಗ್ಗಾಂವದ ಕಾಲೇಜಿನಲ್ಲಿ ಪಾಠ ಮಾಡುವಾಗ ಯಾರಾದರೂ ಹುಡುಗಿ ಆ ಪುಸ್ತಕ ಹಿಡಿದು ಸಂಶಯ ಕೇಳಲು ಬಂದರೆ, ನಗುನಗುತ್ತಲೇ ಉತ್ತರ ಹೇಳಿ ಕಳಿಸಿ, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದಳು. ಆ ಮನುಷ್ಯನಿಗೆ ಎಲ್ಲರೆದುರು ಮುಖ ಎತ್ತಲಾಗದ ಹಾಗೆ ಮಾಡಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಪುಸ್ತಕದ ಜೀವ ಇದ್ದದ್ದು ಚಿಕ್ಕೇರೂರಿನಲ್ಲಿ ಅವಳು ಕೇಳಿದ ಒಂದು ಹಾಡಿನಲ್ಲಿ. ಜಗತ್ತಿನ ತುಂಬ ನೀರು. ನೀರಿನ ತುಂಬ ಸುತ್ತಿ ಮಲಗಿದ ಹಾವವ್ವ. ಕಾಲೂರಲು ನೆಲವಿಲ್ಲ. ಅವಳ ಕಿರಿಯ ಮಗ ಅವಳನ್ನು ಕಡಿದು ಬೆನ್ನಿನಿಂದ ಭೂಮಿ, ಕಣ್ಣಿನಿಂದ ಸೂರ್ಯಚಂದ್ರರನ್ನು ಮಾಡುತ್ತಾನೆ. ಕಡಿದ ದುಃಖಕ್ಕೆ ತಾನೂ ಸಾಯುತ್ತಾನೆ. ಸತ್ತವರಲ್ಲಿ ಅವನೇ ಮೊದಲಿಗ. ಬ್ಯಾಬಿಲೋನಿನ ಮರ್ದೂಕನೂ ಕಡಲತಾಯಿಯನ್ನು ಸೀಳಿ ಆಕಾಶ ಮಾಡಿದವನೇ. ಹಿಮದ ನಾಡಿನ ಅಣ್ಣತಮ್ಮಂದಿರು ದೈತ್ಯನ ತಲೆಬುರುಡೆಯನ್ನು ಆಕಾಶವಾಗಿ ಕವುಚಿದರು. ನಮ್ಮ ಇಂದ್ರ ನೀರು ತಡೆದ ಸರ್ಪವನ್ನು ಕೊಂದ. ಒಬ್ಬನಾದರೂ ಕೇಳಿ ಕೊಂದವನಲ್ಲ. ಈ ಹಾಡಿನ ಹುಡುಗ ಮಾತ್ರ ಕೊಡಲಿ ಕೆಳಗಿಟ್ಟು, ‘ಅವ್ವಾ, ನಿನ್ನ ಕಡೀಲೇನು?’ ಎಂದು ಕೇಳುತ್ತಾನೆ, ಅವಳು ‘ಕಡಿ’ ಅನ್ನುವವರೆಗೆ ಕಾಯುತ್ತಾನೆ. ಈ ಕಾಯುವುದರಲ್ಲೇ ಹಾಡಿನ ದೊಡ್ಡತನವಿದೆ ಎಂದು ಪ್ರಿಯಂವದಾ ಬರೆದಿದ್ದಳು. ಸುಯಮೀಂದ್ರರು ಒಂದಕ್ಷರ ಬಿಡದೆ ಎತ್ತಿಕೊಂಡಿದ್ದರು.

ಸ್ವಂತದ್ದೆಂದು ಅವರು ಸೇರಿಸಿದ್ದು ಒಂದೇ ಅಧ್ಯಾಯ. ಹಾಡಿನಲ್ಲಿ ಆ ಹುಡುಗನ ಹೆಸರು ‘ಚನ್ನವೀರಪ್ಪ’ ಎಂದು ಬರುತ್ತಿತ್ತು. ಅದನ್ನು ಹಿಡಿದುಕೊಂಡು ಅವರು, ಚನ್ನವೀರ ಎಂಬ ಆದಿವೀರ ಈ ಸೀಮೆಯ ಮರ್ದೂಕ, ಅವನ ಪೂಜೆ ಒಂದು ಕಾಲಕ್ಕೆ ನಾಡೆಲ್ಲ ಹಬ್ಬಿತ್ತು ಎಂದು ಪುಟಗಟ್ಟಲೆ ಕೊರೆದಿದ್ದರು. ನಿಜ ಏನೆಂದರೆ ಚನ್ನವೀರಪ್ಪ ಚಿಕ್ಕೇರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದು, ಸಕ್ಕರೆ ಕಾಯಿಲೆಯಿಂದ ತೀರಿಕೊಂಡವನು. ಅವನ ವರ್ಷದ ಪುಣ್ಯತಿಥಿಗೆ ಹಾಡಿದವಳು ಅವನ ತಂಗಿ, ಆಡೂರಿಗೆ ಕೊಟ್ಟ ಸಾವಂತ್ರವ್ವ. ಅವರ ಮನೆತನದ ಪದ್ಧತಿಯೇ ಹಾಗೆ: ಯಾರ ತಿಥಿಗೆ ಹಾಡುತ್ತಾರೋ ಅವರ ಹೆಸರನ್ನೇ ವೀರನ ಜಾಗದಲ್ಲಿ ಇಡುತ್ತಾರೆ. ಹೆಸರು ಬಂದಾಗ ಕೂತವರೆಲ್ಲ ಎದ್ದು ಮುಂದಿಟ್ಟ ಮೊರಕ್ಕೆ ಸತ್ತವರ ಪಾಲೆಂದು ಒಂದೊಂದು ಹಿಡಿ ಜೋಳ ಹಾಕುತ್ತಾರೆ. ಹಾಡು ಕೇಳುವಾಗ ಯಾರ ತಿಥಿಯೆಂದು ವಿಚಾರಿಸಿರದ ಪ್ರಿಯಂವದಾಳಿಗೆ ಕರಡು ಕೊಟ್ಟ ಮೇಲೆ ಇದು ತಿಳಿಯಿತು. ಸುಯಮೀಂದ್ರರಿಗೆ ಅವಳು ಹೇಳಲಿಲ್ಲ.

ಹಾನಗಲ್ಲಿನಲ್ಲಿ ಅವರಿಗೆ ಸನ್ಮಾನ ಗೊತ್ತಾದಾಗ, ಫ್ಲೆಕ್ಸಿನಿಂದ ಹಿಡಿದು ಊಟದವರೆಗೆ ಎಲ್ಲ ಜವಾಬ್ದಾರಿಯನ್ನು ಪ್ರಿಯಂವದಾ ತಾನಾಗಿ ತಲೆಯ ಮೇಲೆ ಹಾಕಿಕೊಂಡಳು. ಹುಡುಗಿ ಮುನಿಸು ಬಿಟ್ಟಳೆಂದು ಸುಯಮೀಂದ್ರರು ಖುಷಿಪಟ್ಟರು.

ಅವಳು ಆಡೂರಿಗೆ ಹೋದಳು. ಸಾವಂತ್ರವ್ವ ಟ್ರ್ಯಾಕ್ಟರಿನವನನ್ನು ಬೈಯುತ್ತ ಅಂಗಳದಲ್ಲಿ ನಿಂತಿದ್ದಳು; ಹೊಲಮನೆ ಎಲ್ಲ ಅವಳ ಕೈಯಲ್ಲೇ, ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಸುಯಮೀಂದ್ರ ಅಂತ ದೊಡ್ಡ ಪಂಡಿತರು, ತೀರಿಕೊಂಡಿದ್ದಾರೆ, ಅವರ ನೆನಪಿನ ಸಭೆಗೆ ಹಾಡಬೇಕು ಎಂದು ಪ್ರಿಯಂವದಾ ಕೇಳಿಕೊಂಡಳು. ಸುಳ್ಳು ಇಷ್ಟು ಸಲೀಸಾಗಿ ಹೊರಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಸಾವಂತ್ರವ್ವ ಟ್ರ್ಯಾಕ್ಟರಿನವನನ್ನು ಬಿಟ್ಟು ಅವಳ ಕಡೆ ತಿರುಗಿ, “ಖರೇನ ತೀರ್ಯಾರಲ್ರಿ ಬಾಯಾರ?” ಎಂದು ಕೇಳಿದಳು. “ಜೀವಂತ ಇದ್ದವ್ರ ಹೆಸ್ರು ಇದಕ್ಕ ಹಾಕಬಾರ್ದು. ಹಾಡು ಕೆಡ್ತೈತಿ. ಆಮ್ಯಾಲ ಆ ಹೆಸ್ರು ಕೊಟ್ಟವ್ರನ್ನ ಹಾವವ್ವನ ಜಾಗಾದಾಗ ಕುಂದರ್ಸಿ ಹಾಡಿದ್ರನ ಅದು ಚೊಕ್ಕ ಆಗೂದು.”

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಪ್ರಿಯಂವದಾಳಿಗೆ ಮಾತ್ರ, ಇದು ಬೇರೆ ಯಾವ ಜನಪದ ಕಥೆಯಲ್ಲೂ ಸಿಗದ ಆಶಯ, ಸಂಶೋಧಕರ ಮಾತಿನಲ್ಲಿ ಮೋಟಿಫ್, ಒಳ್ಳೆಯ ಅಡಿಟಿಪ್ಪಣಿ ಆದೀತು ಅನ್ನಿಸಿತು. ತೀರಿದ್ದು ಖರೆ ಎಂದಳು.

ಈಗಿನ ಕಾಲದಲ್ಲಿ ಫ್ಲೆಕ್ಸಿನ ಮೇಲೆ ದೊಡ್ಡ ಫೋಟೋ ಬಂತೆಂದರೆ ಒಂದೋ ಹುಟ್ಟುಹಬ್ಬ, ಇಲ್ಲವೇ ಶ್ರದ್ಧಾಂಜಲಿ. ಪ್ರಿಯಂವದಾ ಸುಯಮೀಂದ್ರರ ಕರಿಗೂದಲಿನ ಕಾಲದ ಫೋಟೋ ಹಾಕಿಸಿ, ಕೆಳಗೆ ‘ಬದುಕು, ಬರಹ’ ಎಂದಷ್ಟೇ ಬರೆಸಿ, ಮೇಲೊಂದು ಚೆಂಡುಹೂವಿನ ಮಾಲೆ ಇಳಿಬಿಟ್ಟಿದ್ದಳು. ಆಡೂರಿನ ಹೆಂಗಸರು ಒಳಗೆ ಬಂದವರೇ ಅದಕ್ಕೆ ಕೈಮುಗಿದು ಕೂತರು. ವೇದಿಕೆಯ ಮೇಲೆ ಶಾಲು ಹೊದ್ದ ಬಿಳಿಗೂದಲಿನವರು ನಾಲ್ಕಾರು ಜನರಿದ್ದರು. ಅವರಲ್ಲಿ ಯಾರು ಯಾರೆಂದು ಈ ಹೆಂಗಸರಿಗೇನು ಗೊತ್ತು?

ಸಾವಂತ್ರವ್ವ ಕಣ್ಣು ಮುಚ್ಚಿ ಹಾಡು ಎತ್ತಿದಳು. ನೀರು ಬಂತು, ಹಾವವ್ವ ಬಂದಳು. ಆಮೇಲೆ ವೀರ ಬಂದ, ‘ಸುಯಮೀಂದ್ರ’ ಎಂಬ ಹೆಸರಿನಿಂದ. ಆಡೂರಿನವರೆಲ್ಲ ಎದ್ದು ಸೆರಗು ಸರಿಮಾಡಿಕೊಂಡು ಮೊರಕ್ಕೆ ಜೋಳ ಹಾಕಿದರು. ಒಬ್ಬ ಮುದುಕಿ ಮೊದಲ ಸಾಲಿನಲ್ಲಿ ಕೂತಿದ್ದ ಸುಯಮೀಂದ್ರರ ಹೆಂಡತಿ ಯಮುನಾಬಾಯಿಯ ಕೈ ಹಿಡಿದು, ಯಾವಾಗ ಹೋದರು ಪಾಪ, ಎಂದು ಕೇಳಿಯೂಬಿಟ್ಟಳು. ಯಮುನಾಬಾಯಿ ಬೆಪ್ಪಾಗಿ ವೇದಿಕೆಯ ಕಡೆ ಕೈ ತೋರಿಸಿದಳು. ಸಭೆಯಲ್ಲಿ ಗುಜುಗುಜು ಎದ್ದಿತು.

ಆಗ ಪ್ರಿಯಂವದಾ ಮೈಕಿನ ಮುಂದೆ ಬಂದಳು. ಆ ಮನೆತನದ ಪದ್ಧತಿ ಏನು, ಪುಸ್ತಕದ ಆದಿವೀರ ಚನ್ನವೀರ ಯಾವ ಅಂಗಡಿಯಲ್ಲಿ ಯೂರಿಯಾ ಮಾರುತ್ತಿದ್ದ ಎಂಬುದನ್ನೆಲ್ಲ ತಣ್ಣಗೆ ಬಿಡಿಸಿ ಹೇಳಿದಳು. ಸಭೆ ನಕ್ಕಿತು. ಅವಳು ಸುಯಮೀಂದ್ರರ ಕಡೆ ತಿರುಗಿದಳು.

“ಈ ತಪ್ಪು ನನಗ ಮೊದಲ ಗೊತ್ತಿತ್ರಿ ಸರ್. ಬೆರಳಚ್ಚು ಮಾಡೂಕಿ, ನಾ ಹೆಂಗ ತಿದ್ದಲಿ ಅಂತ ಸುಮ್ನಾದೆ.”

ಸುಯಮೀಂದ್ರರು ಸನ್ಮಾನದ ಪೇಟವನ್ನು ತಾವೇ ತೆಗೆದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಇಳಿದುಹೋದರು. ಪ್ರಿಯಂವದಾಳಿಗೆ ಎದೆ ತಂಪಾಯಿತು. ಆ ಸುಖವನ್ನು ಅವಳು ಮುಚ್ಚಿಡಲೂ ಇಲ್ಲ. ಸಾವಂತ್ರವ್ವ ಮಾತ್ರ ಮೊರದಲ್ಲಿದ್ದ ಜೋಳವನ್ನು ದಿಟ್ಟಿಸುತ್ತ ಹಾಗೇ ಕೂತಿದ್ದಳು.

ಮರುದಿನ ಮುಂಜಾನೆ ಆಡೂರಿನಿಂದ ಕರೆ ಬಂತು. ಪ್ರಿಯಂವದಾ ಹೋದಾಗ ಪಡಸಾಲೆಯಲ್ಲಿ ಹೆಂಗಸರೆಲ್ಲ ಸೇರಿದ್ದರು, ನಡುವೆ ಬರಿದಾದ ಮೊರ ಇತ್ತು. ಅಣ್ಣನ ತಿಥಿ ಮತ್ತೆ ಹತ್ತಿರ ಬಂದಿದೆ, ಕೆಟ್ಟ ಹಾಡನ್ನು ಅವನಿಗೆ ಹಾಡುವ ಹಾಗಿಲ್ಲ ಎಂದಳು ಸಾವಂತ್ರವ್ವ. ಹಿಂದಿನ ಸಲದ, ಗೌರವದ ‘ರಿ’ ಈಗ ಅವಳ ಮಾತಿನಲ್ಲಿ ಇರಲಿಲ್ಲ.

“ಆ ಮನಷ್ಯಾ ನಿನ್ನ ಕೇಳದನ ತಗೊಂಡಾ ಅಂತ ನಿನಗ ಸಿಟ್ಟು. ನೀ ನನ್ನ ಕೇಳಿದೇನು? ಅವನ್ನ ಹೊಡ್ಯಾಕ ನನ್ನ ಬಡಿಗಿ ಮಾಡ್ಕೊಂಡಿ. ಕುಂದ್ರು.”

ಸುಯಮೀಂದ್ರರ ವಿಷಯದಲ್ಲಿ ಪ್ರಿಯಂವದಾಳಿಗೆ ಆಗಲೂ ಕನಿಕರ ಹುಟ್ಟಲಿಲ್ಲ. ಆದರೆ ಸಾವಂತ್ರವ್ವ ಹೇಳಿದ ಹಾಗೆ ಮೊರದ ಎದುರು ಚಾಪೆಯ ಮೇಲೆ ಕೂತಳು. ಅಭ್ಯಾಸಬಲದಿಂದ ರೆಕಾರ್ಡು ಮಾಡಲು ಫೋನು ತೆಗೆದವಳು ಮತ್ತೆ ಚೀಲದೊಳಗೆ ಹಾಕಿದಳು.

ಹಾಡು ಶುರುವಾಯಿತು. ನೀರು ಬಂತು. ನೀರಿನಲ್ಲಿ ಸುತ್ತಿ ಮಲಗಿದವಳು ಪ್ರಿಯಂವದಾ. ಹೆಸರು ಕಿವಿಗೆ ಬಿದ್ದಾಗ ಅವಳು, ಇದು ಆಶಯ, ಬರೀ ಆಶಯ ಎಂದು ಒಳಗೊಳಗೇ ಹೇಳಿಕೊಂಡಳು. ಹುಡುಗ ಕೊಡಲಿ ಕೆಳಗಿಡುವ ಜಾಗ ಬಂದಾಗ ಸಾವಂತ್ರವ್ವ ಹಾಡು ನಿಲ್ಲಿಸಿ, ಕಣ್ಣು ತೆರೆದು ಅವಳನ್ನೇ ನೋಡಿದಳು.

“ಅವ್ವಾ ಪ್ರಿಯಂವದಾ, ನಿನ್ನ ಕಡೀಲೇನು?”

 ಉತ್ತರ ಬರುವವರೆಗೆ ಆ ಹೆಂಗಸರು ಕಾಯುವವರೇ. ಅವಳು ಎದ್ದು ಹೋದರೂ ಯಾರೂ ತಡೆಯುತ್ತಿರಲಿಲ್ಲ. ಹಾಡು ಮಾತ್ರ ಅಲ್ಲಿಗೆ ಸಾಯುತ್ತಿತ್ತು.

“ಕಡೀರಿ” ಎಂದಳು ಪ್ರಿಯಂವದಾ.

ಹೆಂಗಸರು ಎದ್ದು ನಿಂತು ಅವಳ ಹೆಸರಿನ ಜೋಳಕ್ಕೆ ಕೈ ಹಾಕಿದರು.