ನಾಗಿ ಹಾಕಿದ ಗಂಟು

ಜೀವ ಉಳಿಸಿದವನ ಮುಖಕ್ಕೇ ಉಗಿದ ಹಾಗೆ ಮಾತಾಡಿದ್ದ ಆ ಬಿಳಿಯ. ಗಣಪನಿಗೆ ನೆತ್ತಿಯವರೆಗೆ ಉರಿ ಹತ್ತಿದ್ದು ಅದಕ್ಕೇ.

ಬಿಳಿಯನ ಹೆಸರು ಲೂಕ್, ದೇಶ ಫ್ರಾನ್ಸ್. ಎಂಬತ್ತೊಂಬತ್ತರ ಜನವರಿಯಲ್ಲಿ ಎರಡು ದೊಡ್ಡ ಚೀಲ ಹೊತ್ತು ಮಂಕಿ ಊರಿನ ಕಡಲ ದಂಡೆಗೆ ಬಂದಿಳಿದಿದ್ದ. ಒಂದರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಎಂಜಿನ್, ಅದಕ್ಕೊಂದು ಮರದ ಪಂಖ. ಇನ್ನೊಂದರಲ್ಲಿ ದೋಣಿಯ ಹಾಯಿಗಿಂತ ದೊಡ್ಡ ಬಟ್ಟೆ, ಅದಕ್ಕೆ ರಾಶಿ ದಾರ. ಬಟ್ಟೆಗೆ ಗಾಳಿ ತುಂಬಿಸಿಕೊಂಡು, ಎಂಜಿನ್ ಚಾಲೂ ಮಾಡಿ ಓಡಿದರೆ ಮನುಷ್ಯ ಮೇಲೇಳುತ್ತಾನೆ. ತನ್ನ ದೇಶದಲ್ಲಿ ಹತ್ತು ದಿನ ಕಲಿತಿದ್ದನಂತೆ; ಉಳಿದದ್ದನ್ನು ಇಲ್ಲಿ ಕಲಿಯುತ್ತೇನೆಂದು ಬಂದವನು. ಇಲ್ಲಿಯ ಭಾಷೆ ಗೊತ್ತಿಲ್ಲ, ಗಾಳಿ ಗೊತ್ತಿಲ್ಲ, ಸೊಕ್ಕು ಮಾತ್ರ ಬೇಕಾದಷ್ಟು.

ಮೊದಲ ಮೂರು ದಿನ ಗಾಳಿಗೆ ಬೆನ್ನು ಕೊಟ್ಟು ಓಡಿ ಮರಳಿನಲ್ಲಿ ಮೂಗು ಹುಗಿದುಕೊಂಡ. ನಾಲ್ಕನೆಯ ದಿನ ಮಧ್ಯಾಹ್ನ ಗಣಪನಿಗೆ ನೋಡಲಾಗಲಿಲ್ಲ. ಹೋಗಿ ಅವನ ಎರಡೂ ಹೆಗಲು ಹಿಡಿದು ಕಡಲ ಕಡೆಗೆ, ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿದ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ, ಹನ್ನೊಂದು ಗಂಟೆ ಕಳೆದರೆ ಕಡಲಿನಿಂದ ನೆಲಕ್ಕೆ; ಇಷ್ಟು ತಿಳಿಯದವನು ಹಾರುವುದೆಂತ! ಅವತ್ತು ಲೂಕ್ ಹಾರಿದ. ಅಲ್ಲಿಂದ ಅವನ ಸಾಮಾನು ಗಣಪನ ಬಲೆ ಇಡುವ ಚಪ್ಪರದಲ್ಲೇ ಉಳಿಯಿತು. ದೋಣಿ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವುದೇ ಗಣಪನ ಕಸುಬು. ಹಾಗಾಗಿ ಬಿಳಿಯನ ಎಂಜಿನ್ ಕೆಮ್ಮಿದಾಗ ಕಾರ್ಬರೇಟರ್ ಬಿಚ್ಚಿ ತೊಳೆದು ಕೊಟ್ಟವನೂ ಅವನೇ.

ಅದಾದ ಮರುದಿನ, ಹೊತ್ತು ಇಳಿಯುವಾಗ ಲೂಕ್ ಮತ್ತೆ ಹಾರಿದ. ತೆಂಗಿನ ಮರದಷ್ಟು ಎತ್ತರ ಹೋದದ್ದೇ, ಎಡಕ್ಕೆ ತಿರುಗಿದ. ಮತ್ತೆ ಎಡಕ್ಕೆ. ಗಾಣದ ಎತ್ತಿನ ಹಾಗೆ ಎಡಕ್ಕೇ ಸುತ್ತಿ ಸುತ್ತಿ ಕಡಲಿಗೆ ಬಿದ್ದ. ಬೆನ್ನ ಮೇಲಿನ ಎಂಜಿನ್ ಅವನನ್ನು ಬೋರಲು ಒತ್ತಿ ಹಿಡಿದಿತ್ತು. ಗಣಪ ನೀರಿಗೆ ಧುಮುಕಿ ಈಜಿ, ನೀರೊಳಗೇ ಎಂಜಿನ್ನಿನ ಪಟ್ಟಿ ಬಿಚ್ಚಿ, ಕೂದಲು ಹಿಡಿದು ಎಳೆದು ತಂದ. ಎಂಜಿನ್ನನ್ನೂ ಬಟ್ಟೆಯನ್ನೂ ದಂಡೆಯವರು ಎಳೆದು ಮೇಲೆ ಹಾಕಿದರು.

ಉಪ್ಪುನೀರು ಕಾರಿ ಮುಗಿಸಿದ ಲೂಕ್ ಗಣಪನತ್ತ ಬೆರಳು ತೋರಿಸಿ ಕೂಗಾಡಿದ. ಇಂಗ್ಲಿಷ್ ಬಲ್ಲ ಲಿಂಗಪ್ಪ ಮಾಸ್ತರು ಅದನ್ನು ಕನ್ನಡಕ್ಕಿಳಿಸಿದರು.

"ಎಂಜಿನ್ ಎಡಕ್ಕೆ ಎಳೀತಂತೆ ಮಾರಾಯ. ನಿನ್ನೆ ನೀನು ಬಿಚ್ಚಿದ ಮೇಲೇ ಹೀಂಗಾತು ಅಂತಾನೆ."

"ನನ್ ಎಂಜಿನ್ನೂ ಅವನ ಹತ್ರವೇ ಉಂಟಲ್ಲ!" ಎಂದ ದೋಣಿಯ ಬೀರ. "ಈಗ್ಲೇ ಹೊತ್ಕಂಡು ಹೋತೆ. ನಡುಗಡಲಲ್ಲಿ ಗಾಣ ಸುತ್ತೂಕೆ ನಂಗೆ ಪುರುಸೊತ್ತಿಲ್ಲ."

ನಿಂತವರೆಲ್ಲ ನಕ್ಕರು. ಇಪ್ಪತ್ತು ವರ್ಷ ಗ್ರೀಸು ಮೆತ್ತಿಕೊಂಡು ಗಳಿಸಿದ ಹೆಸರು ಒಂದು ನಗೆಯಲ್ಲಿ ನೀರಿಗೆ ಹೋಗುತ್ತಿತ್ತು. ನೀರಿಗೆ ಮುಟ್ಟುವವರೆಗೂ ಎಂಜಿನ್ನಿನ ಸದ್ದು ಒಂದಿಷ್ಟೂ ತಗ್ಗಿರಲಿಲ್ಲ. ಗಣಪನ ಕಿವಿ ಸುಳ್ಳು ಹೇಳುವುದಿಲ್ಲ.

"ಒಬ್ಬನೂ ಇಲ್ಲಿಂದ ಕದಲಬೇಡಿ!" ಎಂದು ಗರ್ಜಿಸಿ, ಎಲ್ಲರ ಕಣ್ಣೆದುರಿಗೇ ಎಂಜಿನ್ ಬಿಚ್ಚಿದ. ಸಿಹಿನೀರಲ್ಲಿ ತೊಳೆದ, ಪ್ಲಗ್ ಒರೆಸಿದ, ಹೊಸ ಪೆಟ್ರೋಲು ಹಾಕಿ ಚಾಲೂ ಮಾಡುವ ದಾರ ಎಳೆದ. ಐದನೆಯ ಎಳೆತಕ್ಕೆ ಎಂಜಿನ್ ಒದರಿತು. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ.

"ನೆಲದ ಮೇಲೆ ಎಲ್ಲವೂ ನೆಟ್ಟಗೇ," ಎಂದ ಬೀರ.

ಗಣಪ ಹಲ್ಲು ಕಚ್ಚಿ, ನೆನೆದ ಬಟ್ಟೆಯನ್ನು ಮರಳ ಮೇಲೆ ಹರಡಿದ. ಬಲೆಗೆ ಕೈಯಾಡಿಸುವ ಹಾಗೆ ಎಡದ ದಾರ, ಬಲದ ದಾರ ಜೋಡಿ ಮಾಡುತ್ತ ಬಂದ. ಕೈಹಿಡಿಕೆಯ ದಾರ ಕೊನೆಗೆ ಬಂತು. ಎಡಗೈಯದನ್ನು ಎಳೆದರೆ ಎಡಕ್ಕೆ, ಬಲಗೈಯದನ್ನು ಎಳೆದರೆ ಬಲಕ್ಕೆ. ದೋಣಿಗೆ ಚುಕ್ಕಾಣಿ ಇದ್ದ ಹಾಗೆ. ಎಡಗೈಯದು ಒಂದು ಗೇಣು ಗಿಡ್ಡ, ಸದಾ ಎಳೆದೇ ಇಟ್ಟ ಹಾಗೆ. ನಡುವೆ ಒಂದು ಗಂಟು.

ಗಣಪನ ಕೈ ನಿಂತಿತು. ಎರಡು ಸುತ್ತು, ತುದಿ ಹಲ್ಲಿನಲ್ಲಿ ಕಚ್ಚಿ ತುಂಡರಿಸಿದ್ದು. ಕತ್ತಲಲ್ಲಿ ಮುಟ್ಟಿದರೂ ಹೇಳಬಲ್ಲ, ಇದು ಹೆಂಡತಿ ನಾಗಿಯ ಗಂಟು. ಹರಿದ ಬಲೆ ಕಂಡು ದಾಟಿ ಹೋಗುವ ಹೆಂಗಸು ಈ ಕೇರಿಯಲ್ಲಿಲ್ಲ. ಯಾರದು ಎಂದು ಕೇಳುವುದಿಲ್ಲ, ಕಟ್ಟಿದೆ ಎಂದು ಹೇಳುವುದೂ ಇಲ್ಲ. ಚಪ್ಪರದ ಇಲಿ ದಾರ ಕಡಿದಿರಬೇಕು. ನಾಗಿ ಕಡಿದಷ್ಟನ್ನು ಕತ್ತರಿಸಿ ಬಿಗಿದಿದ್ದಾಳೆ. ಬಲೆಯಲ್ಲಾದರೆ ಗೇಣು ಹೋದರೆ ಮೀನಿಗೆ ತಿಳಿಯುವುದಿಲ್ಲ.

ಸೊಂಟದಲ್ಲಿ ಚೂರಿ ಇತ್ತು. ಗಂಟನ್ನು ಕೊಯ್ದು ಬಿಸಾಡಿದರೆ ನಾಗಿಯ ಹೆಸರು ಉಳಿಯುತ್ತದೆ, ಗಣಪನದು ಹೋಗುತ್ತದೆ. ತೋರಿಸಿದರೆ ಬಿಳಿಯನನ್ನು ಮುಳುಗಿಸಿದವಳೆಂದು ನಾಳೆಯಿಂದ ಮೀನುಪೇಟೆಯಲ್ಲಿ ಎಲ್ಲರ ಬಾಯಲ್ಲೂ ಅವಳದೇ ಸುದ್ದಿ. ಗಣಪನಿಗೆ ಸಿಟ್ಟು ಏರಿತು. ಯಾರ ಮೇಲಿನ ಸಿಟ್ಟೆಂದು ಅವನಿಗೇ ತಿಳಿಯಲಿಲ್ಲ.

"ಮಾಸ್ತರೇ, ಹೇಳಿ ಅವನಿಗೆ," ಎಂದು ದಾರ ಎತ್ತಿ ಹಿಡಿದ. "ಎಂಜಿನ್ ಅಲ್ಲ, ಈ ದಾರ ಗಿಡ್ಡ ಆತು, ಅದಕ್ಕೇ ಸುತ್ತಿದ್ದು. ಇಲಿ ಕಡ್ದಿತ್ತು. ಗಂಟು ಹಾಕಿದ್ದು ನಾನು."

"ಯಾರು?"

ಗುಂಪನ್ನು ಸೀಳಿಕೊಂಡು ನಾಗಿ ಬಂದಳು, ತಲೆಯ ಮೇಲೆ ಬುಟ್ಟಿ ಹಾಗೆಯೇ ಇತ್ತು.

"ನೀವು ಹಾಕಿದ್ದಾ? ಹೋದ ವರ್ಷ ನೀವು ಲಂಗರಿಗೆ ಹಾಕಿದ ಗಂಟು ಬಿಚ್ಚಿ ದೋಣಿ ತೇಲಿ ಆಚೆ ಊರು ಕಾಸರಕೋಡಿಗೆ ಹೋಗಿತ್ತಲ್ಲ, ಮರ್ತೋತಾ? ನಿಮ್ಮ ಗಂಟಾಗಿದ್ರೆ ಅವ ಮೇಲೇಳೂಕೆ ಮುಂಚೆಯೇ ಬಿಚ್ಚಿಹೋಗ್ತಿತ್ತು. ಇದು ನನ್ ಗಂಟು!"

"ಬಾಯಿ ಮುಚ್ಚೇ! ನಿನ್ ಗಂಟಿಂದ್ಲೇ ಅವ ಸಾಯ್ತಿದ್ದ!"

"ಹರ್ದದ್ದು ಕಂಡೆ, ಕಟ್ಟಿದೆ. ಹಾರೂಕೆ ಮುಂಚೆ ಒಂದು ಸಲ ದಾರಕ್ಕೆ ಕೈಯಾಡಿಸ್ಲಿಕ್ಕೆ ಅವನಿಗೆಂತ ಬೇನೆ? ನೋಡ್ದೇ ಬಲೆ ಬಿಡ್ತಾರಾ ಯಾರಾದ್ರೂ?"

ಮಾಸ್ತರು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಲೂಕ್ ದಾರ ಇಸಿದುಕೊಂಡು, ಬಲದ ದಾರದ ಜೊತೆ ಅಳೆದು ನೋಡಿದ. ಗಂಟನ್ನು ಎರಡೂ ಕೈಯಲ್ಲಿ ಜಗ್ಗಿದ, ಅದು ಕದಲಲಿಲ್ಲ. ಅವನ ಮುಖ ಬೆಂದ ಸೀಗಡಿಯ ಹಾಗೆ ಕೆಂಪಾಯಿತು. ಗಣಪನ ಮುಂದೆ ಬಂದು, ತಲೆ ತಗ್ಗಿಸಿ ಎಂತದೋ ಹೇಳಿದ.

"ತಪ್ಪು ತನ್ನದೇ ಅಂತಾನೆ," ಎಂದರು ಮಾಸ್ತರು. "ನೋಡದೇ ಹಾರಿದೆ, ಕ್ಷಮಿಸು ಅಂತಾನೆ."

"ಅದನ್ನ ಕೂಗಿ ಹೇಳೂಕೆ ಹೇಳಿ. ಬಯ್ಯುವಾಗ ಎಷ್ಟು ದೊಡ್ಡಕೆ ಕೂಗಿದ್ನೋ ಅಷ್ಟೇ ದೊಡ್ಡಕೆ."

ಲೂಕ್ ಕೂಗಿ ಹೇಳಿದ. ಯಾರೂ ನಗಲಿಲ್ಲ.

ಬೀರ ಮೆಲ್ಲನೆ ಕೆಮ್ಮಿದ. "ಗಣಪಾ, ನನ್ನ ಎಂಜಿನ್ ಇಲ್ಲೇ ಇರ್ಲಿ ಬಿಡು. ನಾಡಿದ್ದು ಬಂದರೆ ಆತಲ್ಲ?"

"ಹೊತ್ಕಂಡು ಹೋಗು," ಎಂದ ಗಣಪ. "ನಾಡಿದ್ದು ಮತ್ತೆ ಹೊತ್ಕಂಡು ಬಾ. ಆಗ ನೋಡ್ತೆ."