ಅಪ್ಪ ತಳ್ಳಿಹಾಕಿದ ಎಲೆ

ಚಹಾ ಗೋದಾಮಿನಲ್ಲಿ ರುಚಿ ನೋಡುವುದು ಅಪ್ಪನ ಕೆಲಸವಾಗಿತ್ತು. ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಉದ್ದನೆಯ ಮೇಜು, ಸಾಲಾಗಿ ಬಿಳಿ ಬಟ್ಟಲುಗಳು, ಉತ್ತರದ ಕಿಟಕಿಯಿಂದ ಬೀಳುವ ಬೆಳಕು. ಅಪ್ಪ ಚಮಚದಲ್ಲಿ ಚಹಾ ತೆಗೆದು, ಇಡೀ ಕೋಣೆಗೆ ಕೇಳುವಂತೆ ಸೊರ್ರೆಂದು ಹೀರಿ, ಬಾಯೊಳಗೆ ಆಡಿಸಿ, ಪಕ್ಕದ ಡಬ್ಬಕ್ಕೆ ಉಗಿಯುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕೂತಾಗ ಸೊರ್ರೆಂದರೆ ಅಮ್ಮನ ಕೈಯಿಂದ ತಲೆಗೊಂದು ಬೀಳುತ್ತಿತ್ತು. ಅಲ್ಲಿ ಮಾತ್ರ ಅದು ವಿದ್ಯೆ!

ನೆರಳಲ್ಲಿ ಬೆಳೆದ ಎಳೆ ಎಲೆಯ ಗ್ರೀನ್ ಟೀ ಎಂದರೆ ಅಪ್ಪನಿಗೆ ಪ್ರಾಣ. ಅದರ ಸಣ್ಣ ಸಿಹಿಯ ಬಗ್ಗೆ ಮಾತಿಗಿಳಿದರೆ ತಟ್ಟೆಯಲ್ಲಿದ್ದದ್ದು ಆರಿಹೋಗುತ್ತಿತ್ತು. ಬಿಸಿಲಲ್ಲಿ ಬೆಳೆದ ಎಲೆಯ ಕಹಿ, ಒಗರು ಕಂಡರೆ ಮಾತ್ರ ಮೂಗು ಮುರಿಯುತ್ತಿದ್ದರು. "ಇದನ್ನ ಕುಡಿಯೋದಕ್ಕಿಂತ ಪೊರಕೆ ನೆನೆಸಿದ ನೀರು ಕುಡೀಬಹುದು," ಎಂದು ಬಟ್ಟಲನ್ನು ಆಚೆ ತಳ್ಳುತ್ತಿದ್ದರು.

ಅವರ ಪಕ್ಕದ ಕುರ್ಚಿ ಮುಂದೆ ನನ್ನದೇ ಎಂದು ಅವರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದರು. ನಾನು ಸೂಕ್ಷ್ಮಜೀವಿ ವಿಜ್ಞಾನ ಓದುತ್ತೇನೆ ಅಂದ ದಿನ ಮುಖ ಊದಿಸಿಕೊಂಡವರು ವರ್ಷಗಟ್ಟಲೆ ಹಾಗೇ ಇದ್ದರು. ಊಟ ಆಯ್ತಾ, ಜ್ವರ ಬಿಡ್ತಾ, ಅಷ್ಟೇ ಮಾತು. ನನ್ನ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ನಾನೂ ಅವರ ಮಗಳೇ ತಾನೆ, ಹಟಕ್ಕೆ ಬಿದ್ದು ಸಂಶೋಧನೆಗೆ ಗ್ರೀನ್ ಟೀಯನ್ನೇ ಆರಿಸಿಕೊಂಡೆ. ನೀನು ಮಾಡಿದ್ದು ಸರಿ ಎಂದು ಅವರ ಬಾಯಿಂದ ಒಮ್ಮೆ ಕೇಳಬೇಕಿತ್ತು.

ರಿಟೈರ್ ಆದ ಮೇಲೆ ಒಂದು ಮಧ್ಯಾಹ್ನ ಅವರು ಹೇಳದೆ ಕೇಳದೆ ನನ್ನ ಲ್ಯಾಬಿಗೆ ಬಂದರು. ಎಲೆಗಳನ್ನು ಕುದಿಸಿ ಸೋಸಿದ ಕಷಾಯ ಗಾಜಿನ ಪಾತ್ರೆಗಳಲ್ಲಿ ಸಾಲಾಗಿ ನಿಂತಿತ್ತು. ಸಾಲು ಕಂಡರೆ ಅವರ ಕೈ ಸುಮ್ಮನಿರುತ್ತದೆಯೇ? ಜೇಬಿನಿಂದ ಚಮಚ ಹೊರಬಂತು. ನಾನು ತಿರುಗುವಷ್ಟರಲ್ಲಿ ಸೊರ್ರ್!

"ಅಪ್ಪಾ! ಲ್ಯಾಬಲ್ಲಿ ಏನನ್ನೂ ಬಾಯಿಗೆ ಹಾಕ್ಬಾರ್ದು!"

ಅವರು ಆಗಲೇ ಸಿಂಕಿಗೆ ಉಗಿದಾಗಿತ್ತು. "ಬಾಯಿಗೆ ಹಾಕೋ ಹಾಗೂ ಇಲ್ಲ ಬಿಡು. ಯಾವ ಕತ್ತೆ ಆರಿಸಿದ್ದು ಈ ಬಿಸಿಲಿನ ಎಲೇನ?"

ನನ್ನ ಪ್ರಯೋಗದಲ್ಲಿ ಗೆದ್ದದ್ದು ಅದೇ ಎಲೆ. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು, ಬ್ಯಾಕ್ಟೀರಿಯ ಬೆಳೆಸಿದ್ದ ಪ್ಲೇಟನ್ನು ತಂದು ಮುಚ್ಚಳದ ಸಮೇತ ಅವರ ಕೈಗಿತ್ತೆ. ಉಸಿರು ಬಿಟ್ಟ ಕನ್ನಡಿಯಂತೆ ಅದು ಮಸುಕಾಗಿತ್ತು. ನಡುವೆ ಎರಡು ಬೇರೆ ಬೇರೆ ಎಲೆಗಳ ಕಷಾಯದಲ್ಲಿ ಅದ್ದಿದ ಎರಡು ಕಾಗದದ ಬಿಲ್ಲೆಗಳು. ಒಂದರ ಸುತ್ತ ಅಗಲವಾದ ತಿಳಿ ಉಂಗುರ; ಇನ್ನೊಂದರ ಸುತ್ತ ಕಂಡೂ ಕಾಣದಷ್ಟು.

"ಈ ತಿಳಿಯಾಗಿರೋ ಜಾಗದಲ್ಲಿ ಏನಿದೆ?"

"ಏನೂ ಇಲ್ಲಪ್ಪ. ಅಲ್ಲಿ ಬ್ಯಾಕ್ಟೀರಿಯ ಬೆಳೆಯೋಕೇ ಆಗ್ಲಿಲ್ಲ. ಎಲೆಯಲ್ಲಿ ಕ್ಯಾಟೆಚಿನ್ ಅಂತ ಇರುತ್ತೆ, ಅದು ತಡೆಯುತ್ತೆ. ಕಹಿ, ಒಗರು ಬರೋದೂ ಅದರಿಂದಲೇ. ಬಿಸಿಲಿನ ಎಲೆಯಲ್ಲಿ ಅದು ಜಾಸ್ತಿ."

"ನನ್ನ ನೆರಳಿನ ಎಲೆ ಯಾವುದು?"

ಇನ್ನೊಂದು ಬಿಲ್ಲೆಯತ್ತ ಬೆರಳು ತೋರಿಸಿದೆ. "ಇದೆಲ್ಲ ಪ್ಲೇಟಲ್ಲಿ ಅಷ್ಟೇ ಅಪ್ಪ. ಮನುಷ್ಯರ ಮೈಯಲ್ಲಿ ಹೇಗೋ ಇನ್ನೂ ಗೊತ್ತಿಲ್ಲ. ರುಚಿ ವಿಷಯವೇ ಬೇರೆ," ಎಂದು ತಡವರಿಸಿದೆ.

ಅವರು ಸ್ಟೂಲಿನ ಮೇಲೆ ಕೂತು ಪ್ಲೇಟನ್ನು ಓರೆ ಮಾಡಿ ಮಾಡಿ ನೋಡಿದರು. "ಇಷ್ಟು ವರ್ಷ ಬಾಯಲ್ಲಿಟ್ಕೊಂಡಿದ್ದೆ, ನನಗೆ ಗೊತ್ತಾಗಿದ್ದು ಕಹಿ ಒಂದೇ. ನೀನು ನನ್ನ ಮಾತು ಕೇಳದೇ ಇದ್ದಿದ್ದೇ ಒಳ್ಳೇದಾಯ್ತು ಪುಟ್ಟಿ."

ಕಾದು ಕಾದು ಕೂತಿದ್ದ ಮಾತು ಬಂದೇಬಿಟ್ಟಿತು. ನನಗೆ ಸಂತೋಷವಾಗಲಿಲ್ಲ. ಆ ಸಣ್ಣ ದನಿ ನನ್ನ ಅಪ್ಪನದಲ್ಲ. ತಾನೇ ಸರಿ ಎಂದು ಮುಖ ಊದಿಸಿಕೊಂಡಿದ್ದ ಅಪ್ಪ ನನಗೆ ವಾಪಸ್ಸು ಬೇಕಿತ್ತು.

"ಪ್ಲೇಟು ಮುಟ್ಟಿದ ಮೇಲೆ ಕೈ ತೊಳೀಬೇಕಪ್ಪ," ಅಂದೆ. ಬೈಯಲಿ, ಈ ವಯಸ್ಸಲ್ಲಿ ನನಗೆ ಕಲಿಸ್ತೀಯಾ ಎಂದು ರೇಗಲಿ ಎಂದು ಕಾದೆ. ಅವರು ಎದ್ದು ಬಂದು, ನಾನು ಸೋಪು ಹಚ್ಚಲೆಂದು ಎರಡೂ ಕೈ ಚಾಚಿ ನಿಂತರು.